ಪುಟ್ಟಿಗೆ, ಲೂಪಿನ ವಿಚಾರವಾಗಿ



ಮೈಸೂರಿನಲ್ಲಿ ಮಳೆ ಹಿಡಿದುಕೊಂಡಿದೆ, ನಿನ್ನ ದೊಡ್ಡಪ್ಪನ ಮಂಡಿನೋವು ಹಾಗೇ ಇದೆ, ಉಳಿದಂತೆ ಎಲ್ಲವೂ ಸರಿ. ನೀನು ಬೆಂಗಳೂರಿನಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯೆಂದು ನಿನ್ನಮ್ಮ ಹೇಳುತ್ತಾಳೆ. ಸರಿರಾತ್ರಿಯಲ್ಲಿ ನಿನ್ನಿಂದ ಕೋಡಿನ ಫೋಟೋ ಬಂದಾಗಲೆಲ್ಲ ನನಗೆ ಆ ಮಾತಿನ ಮೇಲೆ ನಂಬಿಕೆ ಸಡಿಲವಾಗುತ್ತದೆ. ಹೊಸ ಕೆಲಸ, ಹುಮ್ಮಸ್ಸಿದೆ, ಗೊತ್ತು. ಆದರೂ ಹತ್ತು ಗಂಟೆಯ ಮೇಲೆ ಬರೆದ ಕೋಡನ್ನು ಬೆಳಿಗ್ಗೆ ಇನ್ನೊಮ್ಮೆ ಓದದೆ ಮುಂದಕ್ಕೆ ಕಳಿಸಬೇಡ.

ಮೊನ್ನೆ ನೀನು ಕೇಳಿದ್ದು ಇದು: ಫಾರ್ಮಿನಿಂದ ಬಂದ ಆಬ್ಜೆಕ್ಟಿನ ಪ್ರಾಪರ್ಟಿಗಳ ಮೇಲೆ ಫಾರ್-ಇನ್ ಲೂಪ್ ಹಾಕಿದ್ದೆ, ಸೀನಿಯರ್ ರಿವ್ಯೂನಲ್ಲಿ "ಇದು ಬೇಡ, ಆಬ್ಜೆಕ್ಟ್-ಕೀಸ್ ಬಳಸು" ಎಂದು ಬರೆದರು, ಕಾರಣ ಬರೆಯಲಿಲ್ಲ, ಯಾಕೆ ದೊಡ್ಡಮ್ಮಾ? ನಾನು ನಿದ್ದೆಗಣ್ಣಿನಲ್ಲಿ "ಅವರು ಹೇಳಿದ ಹಾಗೆ ಮಾಡು, ಮಲಕ್ಕೋ" ಎಂದುಬಿಟ್ಟೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಆ ಫೋಟೋವನ್ನು ಸಾವಕಾಶವಾಗಿ ನೋಡಿದೆ. ಅವರು ಹೇಳಿದ್ದು ಸರಿಯೇ, ಆದರೆ ಅರ್ಧ ಮಾತ್ರ. ಉಳಿದರ್ಧ ನಿನಗೆ ಗೊತ್ತಿರಲೇಬೇಕು. ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಈ ಕಾಗದ.

ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಎಂದರೆ ನೋಡ್ ಎಂದೇ ನಿಮ್ಮ ವಯಸ್ಸಿನವರು ತಿಳಿದಿರುತ್ತೀರಿ. ಹಾಗಲ್ಲ. ಬ್ರೆಂಡನ್ ಐಕ್ ಈ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪಿನಲ್ಲಿ ರೂಪಿಸಿದ ಸ್ವಲ್ಪ ಕಾಲಕ್ಕೇ ಆ ಕಂಪನಿ ತನ್ನ ಸರ್ವರಿನಲ್ಲೂ ಅದನ್ನು ಓಡಿಸಿತು. ಲೈವ್‌ವೈರ್ ಎಂದು ಅದರ ಹೆಸರು. 1996ರ ಕೊನೆಗೆ ಮೈಕ್ರೋಸಾಫ್ಟಿನ ಎಎಸ್‌ಪಿ ಬಂತು. ಹೆಚ್ಚಿನವರು ಅದರಲ್ಲಿ ವಿಬಿಸ್ಕ್ರಿಪ್ಟ್ ಬರೆಯುತ್ತಿದ್ದರು, ಜೇಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ಜಾವಾಸ್ಕ್ರಿಪ್ಟನ್ನೂ ಬರೆಯಬಹುದಿತ್ತು. ನಾನು ಕೆಲಸ ಕಲಿತದ್ದು ಅಲ್ಲಿ. ಫಾರ್ಮ್ ಸಲ್ಲಿಸಿದಾಗ ಬರುವ ಮಾಹಿತಿಯನ್ನು ಒಂದೊಂದಾಗಿ ಓದಬೇಕೆಂದರೆ ಫಾರ್-ಇನ್ ಅಲ್ಲಿ ಒದಗುತ್ತಿರಲಿಲ್ಲ, ಏಕೆಂದರೆ ಆ ಸಂಗ್ರಹ ಜಾವಾಸ್ಕ್ರಿಪ್ಟಿನ ಆಬ್ಜೆಕ್ಟೇ ಅಲ್ಲ, ವಿಂಡೋಸಿನದು. ಎನ್ಯೂಮರೇಟರ್ ಎಂಬುದೊಂದನ್ನು ಕಟ್ಟಿಕೊಂಡು, ಕೊನೆ ಮುಟ್ಟಿತೇ ಎಂದು ಪ್ರತಿ ಸಲ ಕೇಳಿ, ಇಲ್ಲವೆಂದರೆ ಈಗಿನದನ್ನು ಓದಿ, ಮುಂದಕ್ಕೆ ಸರಿ ಎಂದು ಹೇಳಬೇಕಿತ್ತು. ಆಗ ಗೊಣಗುತ್ತಿದ್ದೆವು. ಈಗ ಯೋಚಿಸಿದರೆ ಅದರಲ್ಲೊಂದು ಒಳ್ಳೆಯ ಶಿಸ್ತಿತ್ತು ಅನ್ನಿಸುತ್ತದೆ: ನಾನು ಸುತ್ತುತ್ತಿರುವುದು ನನ್ನ ವಸ್ತುವಿನ ಮೇಲಲ್ಲ, ಹೊರಗಿನಿಂದ ಬಂದದ್ದರ ಮೇಲೆ ಎಂಬುದು ಪ್ರತಿ ಸಾಲಿನಲ್ಲೂ ಕಣ್ಣಿಗೆ ಬೀಳುತ್ತಿತ್ತು.

2009ರಲ್ಲಿ ರಯಾನ್ ಡಾಲ್ ಬರ್ಲಿನ್ನಿನ ಜೆಎಸ್‌ಕಾನ್ಫ್‌ನಲ್ಲಿ ನೋಡ್ ತೋರಿಸಿದರು. ಅದರ ಹೊಟ್ಟೆಯಲ್ಲಿದ್ದದ್ದು ಗೂಗಲ್ ಕ್ರೋಮಿನ ವಿ8 ಎಂಜಿನ್. ಅದೇ ವರ್ಷದ ಡಿಸೆಂಬರಿನಲ್ಲಿ ಭಾಷೆಯ ಐದನೆಯ ಆವೃತ್ತಿಯ ಮಾನದಂಡ ಹೊರಬಂತು, ನಿನ್ನ ಸೀನಿಯರ್ ಹೇಳಿದ ಆಬ್ಜೆಕ್ಟ್-ಕೀಸ್ ಹುಟ್ಟಿದ್ದು ಆಗ. ನೋಡ್‌ನಲ್ಲಿ ಫಾರ್ಮಿನಿಂದ ಬಂದದ್ದೂ ಸಾದಾ ಆಬ್ಜೆಕ್ಟ್, ನಾವು ಬರೆದುಕೊಂಡದ್ದೂ ಸಾದಾ ಆಬ್ಜೆಕ್ಟ್. ಎರಡೂ ನೋಡಲು ಒಂದೇ. ಕೆಲಸ ಹಗುರವಾಯಿತು, ಜೊತೆಗೆ ನನ್ನದು, ಹೊರಗಿನದು ಎಂಬ ಆ ಹಳೆಯ ಗೆರೆಯೂ ಅಳಿಸಿಹೋಯಿತು.

ಹೊಸತಕ್ಕೆ ಬಂದಾಗ ನಾನು ಮೊದಲು ಎಡವಿದ್ದು ಕ್ರಮದ ವಿಚಾರದಲ್ಲಿ. ಒಂದು ಪರೀಕ್ಷೆಯ ಫಲಿತಾಂಶದ ಕೆಲಸ. ಡೇಟಾಬೇಸಿನಿಂದ ಅಂಕಗಳ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿ ತರಿಸಿದೆ, ನೋಂದಣಿ ಸಂಖ್ಯೆಯನ್ನೇ ಕೀ ಮಾಡಿ ಒಂದು ಆಬ್ಜೆಕ್ಟಿನಲ್ಲಿ ತುಂಬಿದೆ, ಆಮೇಲೆ ಅದರ ಮೇಲೆ ಲೂಪ್ ಹಾಕಿ ರ‍್ಯಾಂಕ್ ಪಟ್ಟಿ ಅಚ್ಚುಮಾಡಿದೆ. ನಾನು ಕೋಡಿನ ಟೆಸ್ಟಿಗೆ ಬಳಸಿದ ಸಂಖ್ಯೆಗಳ ಮುಂದೆ ಎರಡೆರಡು ಅಕ್ಷರಗಳಿದ್ದವು, ಎಲ್ಲವೂ ಸರಿಯಾಗಿಯೇ ಬಂತು. ನಿಜವಾದ ನೋಂದಣಿ ಸಂಖ್ಯೆಗಳಲ್ಲಿ ಬರೀ ಅಂಕಿಗಳು. ಪಟ್ಟಿ ನೋಂದಣಿ ಸಂಖ್ಯೆಯ ಕ್ರಮದಲ್ಲಿ ಬಂತು, ಮೊದಲ ರ‍್ಯಾಂಕಿನ ಹುಡುಗಿ ಎಲ್ಲೋ ನಡುವೆ ಸೇರಿಹೋಗಿದ್ದಳು. ಹಾಕಿದ ಕ್ರಮದಲ್ಲೇ ಹೊರಬರುತ್ತದೆ ಎಂಬುದು ಜೇಸ್ಕ್ರಿಪ್ಟಿನ ಕಾಲದಿಂದ ಬಂದ ನನ್ನ ರೂಢಿ, ಅದನ್ನು ಪರೀಕ್ಷಿಸದೆ ನಂಬಿದ್ದು ನನ್ನ ತಪ್ಪು.

ನಿಯಮ ಹೀಗಿದೆ. ಕೀ ಶುದ್ಧ ಪೂರ್ಣಾಂಕದ ರೂಪದಲ್ಲಿದ್ದರೆ ಅವು ಮೊದಲು, ಚಿಕ್ಕದರಿಂದ ದೊಡ್ಡದಕ್ಕೆ. ಆಮೇಲೆ ಉಳಿದ ಕೀಗಳು, ಸೇರಿಸಿದ ಕ್ರಮದಲ್ಲಿ. ನಮ್ಮೂರುಗಳ ಪಿನ್‌ಕೋಡ್ ತೆಗೆದುಕೊಂಡೇ ನೋಡು. ಮೈಸೂರಿನ 570001, ಧಾರವಾಡದ 580001, ಬೆಂಗಳೂರಿನ 560001 ಎಂಬ ಕ್ರಮದಲ್ಲಿ ತುಂಬಿದರೆ ಹೊರಬರುವಾಗ ಬೆಂಗಳೂರು, ಮೈಸೂರು, ಧಾರವಾಡ. ಅದೇ ಎಸ್‌ಟಿಡಿ ಕೋಡುಗಳಾದರೆ, 0821, 0836, 080 ಎಂದು ತುಂಬಿದರೆ, ಹಾಗೆಯೇ ಬರುತ್ತವೆ, ಏಕೆಂದರೆ ಮುಂದಿನ ಸೊನ್ನೆ ಇರುವವರೆಗೆ ಅದನ್ನು ಎಂಜಿನ್ ಸಂಖ್ಯೆಯೆಂದು ಎಣಿಸುವುದಿಲ್ಲ. ಯಾರೋ ಬುದ್ಧಿವಂತರು ಆ ಸೊನ್ನೆ ಕಿತ್ತುಹಾಕಿದ ದಿನ ಕ್ರಮ ತಲೆಕೆಳಗಾಗುತ್ತದೆ. ನಮ್ಮ ಹತ್ತಂಕಿಯ ಮೊಬೈಲ್ ಸಂಖ್ಯೆಗಳ ಕಥೆ ಇನ್ನೂ ಬೇರೆ. 4294967294ಕ್ಕಿಂತ ದೊಡ್ಡದಾದದ್ದನ್ನು ಈ ಎಣಿಕೆಗೆ ಸೇರಿಸುವುದಿಲ್ಲ, ನಮ್ಮ ಮೊಬೈಲ್ ಸಂಖ್ಯೆಗಳು ಶುರುವಾಗುವುದೇ ಆರರಿಂದ, ಹಾಗಾಗಿ ಅವು ಅಕ್ಷರಗಳ ಹಾಗೆ ಸೇರಿಸಿದ ಕ್ರಮದಲ್ಲೇ ಉಳಿಯುತ್ತವೆ. ಕೀಯನ್ನು '೫೭೦೦೦೧' ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಅಷ್ಟೇ. ಇದನ್ನೆಲ್ಲ ಬಾಯಿಪಾಠ ಮಾಡು ಎನ್ನುತ್ತಿಲ್ಲ ಮಗು. ಕ್ರಮ ಮುಖ್ಯವಾದ ಕಡೆ ಆಬ್ಜೆಕ್ಟಿನ ಮೇಲೆ ಭಾರ ಹಾಕಬೇಡ, ಅರೇ ಇಟ್ಟುಕೋ ಅಥವಾ ಮ್ಯಾಪ್ ಇಟ್ಟುಕೋ. 2015ರಲ್ಲಿ ಬಂದ ಮ್ಯಾಪ್ ಹಾಕಿದ ಕ್ರಮವನ್ನು ಕೀ ಯಾವುದೇ ಇರಲಿ ಕಾಪಾಡುತ್ತದೆ.

ಈಗ ನಿನ್ನ ಸೀನಿಯರ್ ಹೇಳದೆ ಬಿಟ್ಟ ಕಾರಣಕ್ಕೆ ಬರುತ್ತೇನೆ. ನಿನ್ನ ತಾತ ಜಮೀನಿನ ಕಾಗದಪತ್ರ ಹರಡಿಕೊಂಡು ಕೂತಾಗ ಮೊದಲು ಎರಡು ಕಟ್ಟು ಮಾಡುತ್ತಿದ್ದರು: ಇದು ಸ್ವಯಾರ್ಜಿತ, ಇದು ಪಿತ್ರಾರ್ಜಿತ. ಫಾರ್-ಇನ್ ಆ ಎರಡು ಕಟ್ಟನ್ನೂ ಸೇರಿಸಿ ಓದುತ್ತದೆ. ಆಬ್ಜೆಕ್ಟಿನ ಸ್ವಂತ ಪ್ರಾಪರ್ಟಿಗಳು, ಆಮೇಲೆ ಅದರ ಪ್ರೋಟೋಟೈಪಿನವು, ಅದರ ಮೇಲಿನ ಪ್ರೋಟೋಟೈಪಿನವು, ಹೀಗೆ ಮೂಲದವರೆಗೆ ಹತ್ತುತ್ತಾ ಹೋಗುತ್ತದೆ. ಆಬ್ಜೆಕ್ಟ್-ಕೀಸ್, 2017ರ ಆವೃತ್ತಿಯಲ್ಲಿ ಸೇರಿದ ಆಬ್ಜೆಕ್ಟ್-ವ್ಯಾಲ್ಯೂಸ್ ಮತ್ತು ಆಬ್ಜೆಕ್ಟ್-ಎಂಟ್ರೀಸ್, ಇವು ಮೂರೂ ಸ್ವಂತದ್ದನ್ನು ಮಾತ್ರ ಕೊಡುತ್ತವೆ. ನೀನು ಬರೆದ ಕೋಡಿನಲ್ಲಿ ತೊಂದರೆ ಕಾಣಿಸಲಿಲ್ಲ ಏಕೆಂದರೆ ಸಾದಾ ಆಬ್ಜೆಕ್ಟಿಗೆ ಮೇಲಿನಿಂದ ಬರುವ ಟು-ಸ್ಟ್ರಿಂಗ್ ಮುಂತಾದವನ್ನು ಲೂಪಿಗೆ ಕಾಣದ ಹಾಗೆ ಗುರುತುಮಾಡಿದ್ದಾರೆ. ಎನ್ಯೂಮರಬಲ್ ಎನ್ನುತ್ತಾರಲ್ಲ, ಆ ಗುರುತು ಅವಕ್ಕೆ ಇಲ್ಲ. ಕ್ಲಾಸ್ ಬರೆದರೆ ಅದರ ಮೆಥಡ್‌ಗಳಿಗೂ ಇಲ್ಲ. ಹಳೆಯ ರೀತಿಯಲ್ಲಿ ಪ್ರೋಟೋಟೈಪಿಗೆ ಫಂಕ್ಷನ್ ಜೋಡಿಸಿದರೆ ಮಾತ್ರ ಇರುತ್ತದೆ. ನಿಮ್ಮ ಆಫೀಸಿನಲ್ಲಿ ಹಳೆಯ ಕೋಡಿನ ಯಾವುದೋ ಮೂಲೆಯಲ್ಲಿ ಅಂಥದ್ದೊಂದು ಇದ್ದರೆ, ನಿನ್ನ ಲೂಪು ಒಂದು ದಿನ ಫಂಕ್ಷನ್ನೊಂದನ್ನು ಡೇಟಾಬೇಸಿಗೆ ಬರೆಯಲು ಹೋಗುತ್ತದೆ.

ಈ ಎನ್ಯೂಮರಬಲ್ ಎಂಬ ಗುರುತು ಎಷ್ಟು ದೂರ ಕೈ ಚಾಚಬಲ್ಲದು ಎನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ, ನನಗೆ ಅದು ಬಹಳ ಇಷ್ಟ. ಅರೇಗಳಿಗೆ ಫ್ಲಾಟನ್ ಎಂಬ ಮೆಥಡ್ ಸೇರಿಸಬೇಕೆಂದು ಭಾಷೆಯ ಸಮಿತಿ ಹೊರಟಿತ್ತು. 2018ರಲ್ಲಿ ಫೈರ್‌ಫಾಕ್ಸಿನ ಪ್ರಯೋಗದ ಆವೃತ್ತಿಯಲ್ಲಿ ಅದನ್ನು ಹಾಕಿ ನೋಡಿದಾಗ ಒಂದು ಹಳೆಯ ವೆಬ್‌ಸೈಟ್ ಮುರಿಯಿತು. ಕಾರಣ ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ. ಅದು ಅರೇಗೆ ತನ್ನದೇ ಫ್ಲಾಟನ್ ಸೇರಿಸಿಕೊಂಡು, ಆಮೇಲೆ ಫಾರ್-ಇನ್ ಲೂಪ್ ಹಾಕಿ ಅರೇ ಪ್ರೋಟೋಟೈಪಿನಲ್ಲಿದ್ದ ಮೆಥಡ್‌ಗಳನ್ನು ಇನ್ನೊಂದು ಕಡೆಗೆ ನಕಲು ಮಾಡುತ್ತಿತ್ತು. ಭಾಷೆಯಲ್ಲಿ ಆ ಹೆಸರು ಇಲ್ಲದಿದ್ದಾಗ ಲೈಬ್ರರಿ ಸೇರಿಸಿದ್ದು ಎನ್ಯೂಮರಬಲ್, ಲೂಪಿಗೆ ಸಿಗುತ್ತಿತ್ತು. ಭಾಷೆಯೇ ಆ ಹೆಸರನ್ನು ಇಟ್ಟುಕೊಂಡ ಮೇಲೆ ಲೈಬ್ರರಿ ಅದರ ಬೆಲೆಯನ್ನು ಬದಲಿಸಿತೇ ಹೊರತು ಗುರುತನ್ನು ಬದಲಿಸಲಿಲ್ಲ, ಲೂಪಿಗೆ ಅದು ಕಾಣದಾಯಿತು, ನಕಲು ಆಗಲಿಲ್ಲ. ಕೊನೆಗೆ ಸಮಿತಿಯವರೇ ಹೆಸರನ್ನು ಫ್ಲಾಟ್ ಎಂದು ಮೊಟಕು ಮಾಡಿದರು. ನೀನು ಇವತ್ತು ನೋಡ್‌ನಲ್ಲಿ ಬಳಸುವುದು ಆ ಹೆಸರನ್ನೇ. ಎಷ್ಟೋ ವರ್ಷ ಹಿಂದೆ ಯಾರೋ ಬರೆದ ಒಂದು ಫಾರ್-ಇನ್ ಲೂಪು ಇಡೀ ಭಾಷೆಯ ಒಂದು ಹೆಸರನ್ನು ನಿರ್ಧರಿಸಿತು. ನಾವು ಬರೆಯುವ ಸಾಲು ನಮಗಿಂತ ಹೆಚ್ಚು ಕಾಲ ಬಾಳಬಹುದು ಎಂಬುದನ್ನು ನಾನು ಹೊಸಬರಿಗೆ ಹೇಳುವಾಗಲೆಲ್ಲ ಇದನ್ನೇ ನೆನೆಯುತ್ತೇನೆ.

ಕಾಣಬೇಕಾದದ್ದು ಕಾಣದೆ ಹೋಗುವ ಕಾಟ ಸರ್ವರಿನಲ್ಲಿ ನಿನಗೆ ಬೇಗನೆ ಎದುರಾಗುತ್ತದೆ. ಸಾದಾ ಎರರ್ ಆಬ್ಜೆಕ್ಟಿನ ಮೇಲೆ ಲೂಪ್ ಹಾಕಿ ನೋಡು, ಏನೂ ಬರುವುದಿಲ್ಲ. ಮೆಸೇಜ್, ಸ್ಟ್ಯಾಕ್ ಎರಡೂ ಅದರೊಳಗಿವೆ, ಆದರೆ ಎನ್ಯೂಮರಬಲ್ ಅಲ್ಲ. ಆದ್ದರಿಂದಲೇ ಅಂಥ ಎರರನ್ನು ಜೇಸನ್ ಮಾಡಿ ಲಾಗಿಗೆ ಬರೆದರೆ ಎರಡು ಪುಷ್ಪಾವರಣ ಮಾತ್ರ ಉಳಿಯುತ್ತವೆ, ನಡುರಾತ್ರಿ ಸರ್ವರ್ ಬಿದ್ದಾಗ ಆ ಖಾಲಿ ಆವರಣವನ್ನು ನೋಡುತ್ತಾ ಕೂರಬೇಕಾಗುತ್ತದೆ. ಎರರಿನಿಂದ ಬೇಕಾದದ್ದನ್ನು ಹೆಸರು ಹಿಡಿದೇ ಕೇಳಬೇಕು. ಇನ್ನೊಂದು: ನೋಡ್ 15.1.0ರಿಂದ ರಿಕ್ವೆಸ್ಟಿನ ಹೆಡರ್ಸ್ ಎಂಬುದು ಆಬ್ಜೆಕ್ಟಿನ ಸ್ವಂತ ಪ್ರಾಪರ್ಟಿಯಾಗಿ ಉಳಿಯಲಿಲ್ಲ. ಪ್ರೋಟೋಟೈಪಿನ ಮೇಲೆ ಕೂತು, ಕೇಳಿದಾಗ ಮಾತ್ರ ಲೆಕ್ಕ ಹಾಕಿ ಕೊಡುವ ಹಾಗೆ ಮಾಡಿದರು, ಎನ್ಯೂಮರಬಲ್ ಗುರುತನ್ನೂ ತೆಗೆದರು. ಕೆಲಸ ಹಗುರವಾಗಲಿ ಎಂಬ ಒಳ್ಳೆಯ ಉದ್ದೇಶ. ಆದರೆ ಇಡೀ ರಿಕ್ವೆಸ್ಟನ್ನು ಲೂಪ್ ಹಾಕಿಯೋ ಮೂರು ಚುಕ್ಕಿ ಇಟ್ಟೋ ನಕಲು ಮಾಡಿಕೊಳ್ಳುತ್ತಿದ್ದ ಕೋಡಿನಲ್ಲಿ ನಕಲಿಗೆ ಹೆಡರ್ಸ್ ಬರುವುದು ನಿಂತಿತು. ಹೆಸರು ಹಿಡಿದು ಕೇಳಿದವರಿಗೆ ಏನೂ ಆಗಲಿಲ್ಲ.

ಹೆಸರು ಹಿಡಿದು ಕೇಳುವುದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೋ, ಮುಂದೆ ಅದೇ ಬರುತ್ತದೆ.

ನೀನು ಬರೆದ ಲೂಪು ಏನು ಮಾಡುತ್ತಿತ್ತು? ಬ್ರೌಸರಿನಿಂದ ಬಂದ ರಿಕ್ವೆಸ್ಟಿನ ಬಾಡಿಯಲ್ಲಿ ಯಾವ ಕೀ ಇದ್ದರೂ ತೆಗೆದುಕೊಂಡು, ಬಳಕೆದಾರರ ದಾಖಲೆಯಲ್ಲಿ ಅದೇ ಹೆಸರಿನ ಜಾಗಕ್ಕೆ ಬರೆಯುತ್ತಿತ್ತು. ಒಳಗೆ ಇನ್ನೊಂದು ಆಬ್ಜೆಕ್ಟ್ ಸಿಕ್ಕರೆ ಅದರೊಳಗೂ ಇಳಿದು ಹಾಗೆಯೇ ಮಾಡುತ್ತಿತ್ತು. ವಿಳಾಸವಿದ್ದರೆ ವಿಳಾಸದೊಳಗಿನ ಊರು, ಪಿನ್‌ಕೋಡ್ ಹೀಗೆ. ಎಂಟೇ ಸಾಲು, ಅಚ್ಚುಕಟ್ಟು, ಫಾರ್ಮಿಗೆ ಹೊಸ ಅಂಕಣ ಸೇರಿಸಿದರೂ ಸರ್ವರಿನಲ್ಲಿ ಮುಟ್ಟಬೇಕಾಗಿಲ್ಲ. ನಿನಗೆ ಆ ಅಚ್ಚುಕಟ್ಟು ಹಿಡಿಸಿತೆಂದು ಗೊತ್ತು, ನಿನ್ನ ವಯಸ್ಸಿನಲ್ಲಿ ನನಗೂ ಹಿಡಿಸುತ್ತಿತ್ತು. ಈಗ ಆ ಕೀಗಳ ಪಟ್ಟಿಯನ್ನು ಬರೆದವರು ಯಾರು ಎಂದು ಕೇಳಿಕೋ. ನೀನಲ್ಲ. ನಿನ್ನ ಫಾರ್ಮ್ ಕೂಡ ಅಲ್ಲ. ಫಾರ್ಮನ್ನು ತೆರೆಯದೆಯೇ ಸರ್ವರಿಗೆ ತನಗೆ ಬೇಕಾದ ಜೇಸನ್ ಕಳಿಸಬಲ್ಲ ಯಾರು ಬೇಕಾದರೂ ಅದನ್ನು ಬರೆಯಬಹುದು.

ಅವರು ಹೆಸರು, ಊರಿನ ಜೊತೆಗೆ 'ರೋಲ್' ಎಂಬ ಕೀ ಸೇರಿಸಿ 'ಅಡ್ಮಿನ್' ಎಂದು ಕಳಿಸಿದರೆ ನಿನ್ನ ಲೂಪು ಅದನ್ನೂ ಶ್ರದ್ಧೆಯಿಂದ ಬರೆಯುತ್ತದೆ. 2012ರ ಮಾರ್ಚಿನಲ್ಲಿ ಗಿಟ್‌ಹಬ್‌ನಲ್ಲಿ ಆದದ್ದು ಈ ಜಾತಿಯದೇ. ಅಲ್ಲಿದ್ದದ್ದು ರೂಬಿ ಆನ್ ರೈಲ್ಸ್, ಜಾವಾಸ್ಕ್ರಿಪ್ಟ್ ಅಲ್ಲ. ಈಗೋರ್ ಹೋಮಕೋವ್ ಎಂಬ ಯುವಕ ಫಾರ್ಮಿನಲ್ಲಿ ಇರದ ಅಂಕಣವೊಂದನ್ನು ಸೇರಿಸಿ ಕಳಿಸಿ, ತನ್ನದಲ್ಲದ ಪ್ರಾಜೆಕ್ಟಿಗೆ ಬರೆಯುವ ಹಕ್ಕು ಪಡೆದು ತೋರಿಸಿದ. ಭಾಷೆ ಯಾವುದಾದರೇನು, ಬಂದ ಕೀಗಳನ್ನೆಲ್ಲ ನಂಬುವ ಲೂಪು ಒಂದೇ.

ಜಾವಾಸ್ಕ್ರಿಪ್ಟಿಗೆ ಇದರ ಮೇಲೆ ತನ್ನದೇ ಒಂದು ಗಂಡಾಂತರವಿದೆ, ನಿನ್ನ ಸೀನಿಯರ್ ಹೇಳಿದ ಬದಲಾವಣೆಯಿಂದ ಹೋಗದಿರುವುದು ಅದೇ. ಮುಂದೆ ಎರಡು ಅಡಿಗೆರೆ, ನಡುವೆ ಪ್ರೋಟೋ, ಹಿಂದೆ ಎರಡು ಅಡಿಗೆರೆ ಇರುವ ಒಂದು ವಿಶೇಷ ಹೆಸರು ಗೊತ್ತಲ್ಲ? ಸಾಮಾನ್ಯ ಆಬ್ಜೆಕ್ಟಿನಲ್ಲಿ ಅದನ್ನು ಕೇಳಿದರೆ ಆ ಆಬ್ಜೆಕ್ಟಿನ ಪ್ರೋಟೋಟೈಪೇ ಕೈಗೆ ಬರುತ್ತದೆ. ಜೇಸನ್ ಓದುವ ಫಂಕ್ಷನ್ನಿಗೆ ಮಾತ್ರ ಅದು ಎಲ್ಲದರಂತೆ ಒಂದು ಹೆಸರು, ಅದನ್ನು ಸ್ವಂತ ಪ್ರಾಪರ್ಟಿಯಾಗಿಯೇ ಇಟ್ಟುಕೊಡುತ್ತದೆ. ಸ್ವಂತದ್ದಾದ್ದರಿಂದ ಆಬ್ಜೆಕ್ಟ್-ಕೀಸ್ ಕೂಡ ಅದನ್ನು ಪಟ್ಟಿಯಲ್ಲಿ ಕೊಡುತ್ತದೆ! ನಿನ್ನ ಲೂಪು ಆ ಕೀ ಹಿಡಿದು ದಾಖಲೆಯ ಆಬ್ಜೆಕ್ಟಿನೊಳಗೆ ಇಳಿಯುತ್ತದೆ, ಇಳಿದ ಜಾಗ ದಾಖಲೆಯ ಒಳಗಲ್ಲ, ಸರ್ವರಿನಲ್ಲಿರುವ ಎಲ್ಲ ಸಾದಾ ಆಬ್ಜೆಕ್ಟುಗಳಿಗೂ ಮೂಲವಾದ ಪ್ರೋಟೋಟೈಪ್. ಅಲ್ಲಿ ಏನು ಬರೆದರೂ ಆ ಕ್ಷಣದಿಂದ ಎಲ್ಲ ಆಬ್ಜೆಕ್ಟುಗಳಲ್ಲೂ ಅದು ಇದ್ದಂತೆ ಕಾಣುತ್ತದೆ, ಸರ್ವರನ್ನು ಮತ್ತೆ ಶುರುಮಾಡುವವರೆಗೆ. ಬ್ರೌಸರಿನಲ್ಲಾದರೆ ಒಬ್ಬರ ಪುಟ ಕೆಡುತ್ತದೆ. ಸರ್ವರಿನಲ್ಲಿ ಒಬ್ಬರು ಕಳಿಸಿದ ಬಾಡಿ ಆಮೇಲೆ ಬರುವ ಎಲ್ಲರ ರಿಕ್ವೆಸ್ಟನ್ನೂ ಮುಟ್ಟುತ್ತದೆ.

ಇದು ಹೊಸಬರು ಮಾತ್ರ ಬೀಳುವ ಹಳ್ಳವೆಂದುಕೊಳ್ಳಬೇಡ. 2019ರಲ್ಲಿ ಜೇಕ್ವೆರಿ ಎಂಬ ಲೈಬ್ರರಿ ತನ್ನ ಎಕ್ಸ್‌ಟೆಂಡ್ ಫಂಕ್ಷನ್ನಿನಲ್ಲಿ ಇದೇ ದೋಷವನ್ನು 3.4.0 ಆವೃತ್ತಿಯಲ್ಲಿ ಸರಿಪಡಿಸಿತು. ಅದೇ ವರ್ಷ ಲೋಡ್ಯಾಶ್ ಎಂಬ ಇನ್ನೊಂದು ಲೈಬ್ರರಿ ತನ್ನ ಡಿಫಾಲ್ಟ್ಸ್-ಡೀಪ್ ಫಂಕ್ಷನ್ನನ್ನು ತಿದ್ದಿತು. ಅಲ್ಲಿ ಪ್ರೋಟೋ ಎಂಬ ಹೆಸರನ್ನು ತಡೆದಿದ್ದರೂ 'ಕನ್‌ಸ್ಟ್ರಕ್ಟರ್' ಎಂಬ ಹೆಸರಿನ ಮೂಲಕ ಸುತ್ತುದಾರಿಯಲ್ಲಿ ಅದೇ ಜಾಗಕ್ಕೆ ಹೋಗಬಹುದಿತ್ತು. ಅದೇ ವರ್ಷವೇ ಕಿಬಾನಾ ಎಂಬ ತಂತ್ರಾಂಶದಲ್ಲಿ ಸಿಕ್ಕ ದೋಷ ಇನ್ನೂ ಘೋರ. ನೋಡ್ ಒಂದು ಹೊಸ ಪ್ರೋಸೆಸ್ ಹುಟ್ಟಿಸುವಾಗ ಅದಕ್ಕೆ ಕೊಡಬೇಕಾದ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಒಂದು ಆಯ್ಕೆಯಾಗಿ ತೆಗೆದುಕೊಳ್ಳುತ್ತದೆ. ಯಾರೂ ಕೊಡದಿದ್ದಾಗ ಕೆಡಿಸಿದ ಪ್ರೋಟೋಟೈಪಿನಲ್ಲಿದ್ದದ್ದೇ ಅಲ್ಲಿಗೆ ಹರಿದುಬಂತು, ಅದರ ಮೂಲಕ ಸರ್ವರಿನ ಮೇಲೆ ಹೊರಗಿನವರ ಆಜ್ಞೆ ನಡೆಯುವಂತಾಯಿತು. ವಿಚಾರವೇನೆಂದರೆ, ನೋಡ್‌ನ ಆ ಭಾಗದಲ್ಲಿರುವುದು ಫಾರ್-ಇನ್ ಲೂಪೇ. ಪ್ರೋಟೋಟೈಪಿನ ಬೆಲೆಗಳನ್ನು ಬೇಕೆಂದೇ ಸೇರಿಸಿಕೊಂಡಿದ್ದೇವೆ ಎಂದು ಅದರ ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದಿದ್ದಾರೆ. ಅದು ಅಜಾಗರೂಕತೆಯಲ್ಲ. ಒಂದು ಎನ್ವಿರಾನ್ಮೆಂಟನ್ನು ತಳಹದಿಯಾಗಿಟ್ಟುಕೊಂಡು ಇನ್ನೊಂದನ್ನು ಕಟ್ಟುವವರಿಗೆ ಅದು ಬೇಕಾಗುತ್ತದೆ. ಫಾರ್-ಇನ್ ಕೆಟ್ಟದ್ದು, ಆಬ್ಜೆಕ್ಟ್-ಕೀಸ್ ಒಳ್ಳೆಯದು ಎಂದು ನಾನು ಹೇಳದಿರುವುದು ಅದಕ್ಕೇ. ನೋಡ್‌ನವರು ಏಕೆ ಎಂಬುದನ್ನು ಬರೆದಿಟ್ಟಿದ್ದಾರೆ ನೋಡು, ನಿನ್ನ ರಿವ್ಯೂನಲ್ಲಿ ಇಲ್ಲದೇ ಹೋದದ್ದು ಅದು.

ಹಾಗಾದರೆ ಏನು ಮಾಡಬೇಕು? ನಾನು ಇಷ್ಟು ದೂರ ಸುತ್ತಾಡಿಸಿ ಹೇಳಬೇಕೆಂದಿದ್ದು ಒಂದೇ ಮಾತು. ಹೊರಗಿನಿಂದ ಬಂದ ಆಬ್ಜೆಕ್ಟಿನ ಮೇಲೆ ಲೂಪ್ ಹಾಕಬೇಡ, ನಿನ್ನ ಪಟ್ಟಿಯ ಮೇಲೆ ಲೂಪ್ ಹಾಕು. ಫೈಲಿನ ತಲೆಯಲ್ಲಿ ಒಂದು ಅರೇ ಬರೆ: ಹೆಸರು, ಮೊಬೈಲ್, ಊರು, ಪಿನ್‌ಕೋಡ್. ಫಾರ್-ಆಫ್ ಹಾಕಿ ಆ ಪಟ್ಟಿಯ ಒಂದೊಂದು ಹೆಸರನ್ನೂ ತೆಗೆದುಕೊಂಡು, ಬಂದ ಬಾಡಿಯಲ್ಲಿ ಅದು ಸ್ವಂತವಾಗಿ ಇದೆಯೇ ಎಂದು ಆಬ್ಜೆಕ್ಟ್-ಹ್ಯಾಸ್-ಓನ್‌ನಿಂದ ಕೇಳು. ಇದ್ದರೆ ಅದು ನೀನು ಬಯಸಿದ ರೂಪದಲ್ಲಿದೆಯೇ ಎಂದು ನೋಡಿ ಬರೆದುಕೋ. ವಿಳಾಸದೊಳಗೆ ಇಳಿಯಬೇಕಾದರೆ ವಿಳಾಸಕ್ಕೂ ಬೇರೆ ಪಟ್ಟಿ ಇರಲಿ. ಪಟ್ಟಿಯಲ್ಲಿ ಇಲ್ಲದ್ದು ಬಾಡಿಯಲ್ಲಿ ಏನೇ ಇರಲಿ, ರೋಲ್ ಇರಲಿ, ಪ್ರೋಟೋ ಇರಲಿ, ಕನ್‌ಸ್ಟ್ರಕ್ಟರ್ ಇರಲಿ, ನಿನ್ನ ಲೂಪು ಆ ಕಡೆ ತಿರುಗುವುದೇ ಇಲ್ಲ. ಕೆಟ್ಟ ಹೆಸರುಗಳ ಪಟ್ಟಿ ಮಾಡಿ ತಡೆಯುತ್ತೇನೆ ಎಂದು ಹೊರಡಬೇಡ, ಲೋಡ್ಯಾಶಿನಂಥ ಲೈಬ್ರರಿಗೇ ಒಂದು ಹೆಸರು ತಪ್ಪಿಹೋಗಿತ್ತು. ಫಾರ್ಮಿಗೆ ಹೊಸ ಅಂಕಣ ಬಂದಾಗಲೆಲ್ಲ ಪಟ್ಟಿಗೂ ಒಂದು ಹೆಸರು ಸೇರಿಸಬೇಕಾಗುತ್ತದೆ, ನಿಜ. ಆ ಒಂದು ಸಾಲಿನ ಶ್ರಮವನ್ನು ಉಳಿಸಲು ಹೋಗಬೇಡ. ಆ ಸಾಲು ಬರೆಯುವಾಗಲೇ ಈ ಅಂಕಣವನ್ನು ಬಳಕೆದಾರರು ತಾವೇ ಬದಲಿಸಬಹುದೇ ಎಂಬ ಪ್ರಶ್ನೆ ನಿನ್ನ ಮುಂದೆ ಬರುತ್ತದೆ. ಬರಲೇಬೇಕಾದ ಪ್ರಶ್ನೆ ಅದು.

ಹ್ಯಾಸ್-ಓನ್ ಎಂದೆನಲ್ಲ, ಅದು 2022ರಲ್ಲಿ ಬಂದದ್ದು. ಹಳೆಯ ಪುಸ್ತಕಗಳಲ್ಲಿ ಆಬ್ಜೆಕ್ಟಿನ ಮೇಲೆಯೇ ಹ್ಯಾಸ್-ಓನ್-ಪ್ರಾಪರ್ಟಿ ಕರೆಯುವುದನ್ನು ಕಾಣುತ್ತೀಯ. ನೋಡ್‌ನಲ್ಲಿ ಅದು ಕೆಲವು ಕಡೆ ಕೈಕೊಡುತ್ತದೆ. ಕ್ವೆರಿಸ್ಟ್ರಿಂಗ್ ಮಾಡ್ಯೂಲ್ ಕೊಡುವ ಆಬ್ಜೆಕ್ಟಿಗೆ ಪ್ರೋಟೋಟೈಪೇ ಇಲ್ಲ, ಪ್ರೋಟೋ ಎಂಬ ಕೀಯ ಗಂಡಾಂತರ ಬೇಡವೆಂದೇ ಹಾಗೆ ಮಾಡಿದ್ದಾರೆ, ಅದರ ಮೇಲೆ ಆ ಮೆಥಡ್ ಕರೆದರೆ ಅಂಥ ಫಂಕ್ಷನ್ ಇಲ್ಲ ಎಂಬ ಎರರ್ ಬರುತ್ತದೆ. ಹ್ಯಾಸ್-ಓನ್‌ಗೆ ಆ ತೊಂದರೆ ಇಲ್ಲ.

ಕೀಗಳೇ ಮುಂಚೆ ಗೊತ್ತಿರದ ಕೆಲಸಗಳೂ ಇವೆ, ನಿನಗೆ ಅನುಮಾನ ಬಂದೇ ಬರುತ್ತದೆ. ಜನ ಹುಡುಕಿದ ಪದಗಳನ್ನು ಎಣಿಸುವುದು, ಹೆಡರ್‌ಗಳನ್ನೆಲ್ಲ ಲಾಗ್ ಮಾಡುವುದು. ಅಲ್ಲಿ ಎಂಟ್ರೀಸ್ ತೆಗೆದು ಫಾರ್-ಆಫ್ ಹಾಕು, ಎಣಿಸಿದ್ದನ್ನು ಮ್ಯಾಪಿನಲ್ಲಿ ಇಟ್ಟುಕೋ. ಮ್ಯಾಪಿಗೆ ಯಾವ ಪದ ಕೊಟ್ಟರೂ ಅದು ಬರೀ ಪದ, ಪ್ರೋಟೋಟೈಪಿನ ದಾರಿ ಅಲ್ಲಿ ತೆರೆಯುವುದಿಲ್ಲ. ಎಷ್ಟು ಕೀ ಬರಬಹುದು ಎಂಬುದಕ್ಕೂ ಒಂದು ಮಿತಿ ಇರಲಿ. ಕ್ವೆರಿಸ್ಟ್ರಿಂಗ್ ಮಾಡ್ಯೂಲ್ ಸುಮ್ಮನೆ ಬಿಟ್ಟರೆ 1000 ಕೀಗಳಿಗೆ ನಿಲ್ಲುತ್ತದೆ, ಎಕ್ಸ್‌ಪ್ರೆಸ್ ಎಂಬ ಫ್ರೇಮ್‌ವರ್ಕ್ ಜೇಸನ್ ಬಾಡಿಯನ್ನು 100 ಕಿಲೋಬೈಟಿಗೆ ನಿಲ್ಲಿಸುತ್ತದೆ. ಯಾರಾದರೂ ಅವಸರದಲ್ಲಿ ಆ ಮಿತಿಗಳನ್ನು ಏರಿಸು ಎಂದರೆ ಏಕೆಂದು ಕೇಳು. ನೋಡ್‌ನಲ್ಲಿ ನಿನ್ನ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಎಳೆಯಲ್ಲಿ, ಲಕ್ಷಗಟ್ಟಲೆ ಕೀಗಳ ಮೇಲೆ ಒಂದು ಲೂಪು ಸುತ್ತುತ್ತಿರುವಷ್ಟು ಹೊತ್ತು ಉಳಿದವರ ರಿಕ್ವೆಸ್ಟ್‌ಗಳೆಲ್ಲ ಕಾಯಬೇಕು.

ಫೋಟೋದಲ್ಲಿ ಇನ್ನೊಂದು ಕಂಡೆ, ಅದನ್ನೂ ಹೇಳಿಬಿಡುತ್ತೇನೆ. ಕೆಳಗಡೆ ಕೀಗಳ ಮೇಲೆ ಫಾರ್-ಈಚ್ ಹಾಕಿ ಅದರೊಳಗೆ ಅವೇಟ್ ಬರೆದಿದ್ದೀಯ. ಫಾರ್-ಈಚ್ ಯಾವುದಕ್ಕೂ ಕಾಯುವುದಿಲ್ಲ ಪುಟ್ಟೀ. ಎಲ್ಲವನ್ನೂ ಒಟ್ಟಿಗೆ ಶುರುಮಾಡಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ, ಡೇಟಾಬೇಸಿಗೆ ಬರೆಯುವುದು ಮುಗಿಯುವ ಮೊದಲೇ ಬಳಕೆದಾರರಿಗೆ 'ಉಳಿಸಲಾಗಿದೆ' ಎಂದು ಹೇಳಿಯಾಗಿರುತ್ತದೆ. ಒಂದಾದಮೇಲೊಂದು ಆಗಬೇಕಾದರೆ ಅಲ್ಲೂ ಫಾರ್-ಆಫ್ ಹಾಕು, ಅದು ಅವೇಟಿಗೆ ನಿಲ್ಲುತ್ತದೆ. ಒಟ್ಟಿಗೆ ಆದರೂ ಸರಿ ಎಂದಾದರೆ ಮ್ಯಾಪ್ ಮೆಥಡ್ ಹಾಕಿ ಬಂದ ಪ್ರಾಮಿಸ್‌ಗಳಿಗೆಲ್ಲ ಪ್ರಾಮಿಸ್-ಆಲ್‌ನಲ್ಲಿ ಕಾಯು.

ನಿನ್ನ ಸೀನಿಯರ್ ಜೊತೆ ಇದನ್ನು ಮಾತಾಡು, ವಾದಕ್ಕೆಂದು ಅಲ್ಲ. ಅವರು ತೋರಿಸಿದ ತಪ್ಪು ನಿಜವಾದ ತಪ್ಪೇ, ಕೆಲಸದ ಒತ್ತಡದಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಹೋಗಿರುತ್ತಾರೆ. "ಕೀಸ್‌ಗೆ ಬದಲಾಯಿಸಿದೆ, ಆದರೂ ಪ್ರೋಟೋ ಎಂಬ ಕೀ ಬಂದರೆ ಏನಾಗುತ್ತದೆ ಎಂದು ಒಂದು ಟೆಸ್ಟ್ ಬರೆದು ನೋಡಿದೆ" ಎಂದು ತೋರಿಸು. ಟೆಸ್ಟನ್ನು ನಿನ್ನ ಯಂತ್ರದಲ್ಲೇ ಓಡಿಸು, ಎಲ್ಲರೂ ಬಳಸುವ ಸರ್ವರಿನಲ್ಲಿ ಬೇಡ. ಜೇಸನ್ನನ್ನು ಅಕ್ಷರಗಳಾಗಿ ಬರೆದು ಪಾರ್ಸ್ ಮಾಡಿಸಿಯೇ ಕೊಡು. ಕೋಡಿನಲ್ಲಿ ನೇರವಾಗಿ ಆಬ್ಜೆಕ್ಟ್ ಬರೆದರೆ ಆ ಹೆಸರು ಸ್ವಂತ ಕೀ ಆಗುವುದಿಲ್ಲ, ಟೆಸ್ಟ್ ಸುಳ್ಳೇ ಪಾಸಾಗುತ್ತದೆ. ಆಮೇಲೆ ಹೊಸದೊಂದು ಖಾಲಿ ಆಬ್ಜೆಕ್ಟ್ ಮಾಡಿ, ನೀನು ಕಳಿಸಿದ ಹೆಸರು ಅದರಲ್ಲಿ ಕಾಣಿಸುತ್ತದೆಯೇ ನೋಡು. ಕಂಡರೆ ಲೂಪನ್ನು ಪಟ್ಟಿಗೆ ಬದಲಾಯಿಸಿ ಮತ್ತೆ ಓಡಿಸು.

ಏನಾಯಿತೆಂದು ಭಾನುವಾರ ಹಗಲಿನಲ್ಲಿ ಫೋನು ಮಾಡಿ ಹೇಳು. ದೊಡ್ಡಪ್ಪನೂ ನಿನ್ನನ್ನು ಕೇಳುತ್ತಿರುತ್ತಾರೆ. ನಿನ್ನಮ್ಮನ ಕೈಯಲ್ಲಿ ಹುಳಿಪುಡಿ, ಚಟ್ನಿಪುಡಿ ಕಳಿಸಿದ್ದೇನೆ, ರೂಮಿನ ಗೆಳತಿಯರಿಗೂ ಕೊಡು.

ಇಂತಿ,
ನಿನ್ನ ಪ್ರೀತಿಯ ದೊಡ್ಡಮ್ಮ